ಎರಡು ಚೀಟಿಗಳ ಹೊತ್ತು

ನನ್ನ ಕೆಲಸ ತೂಗುವುದು.
ಮೆಕ್ಕೆಜೋಳ ತುಂಬಿದ ಲಾರಿ ಹಲಗೆಯೇರಿ ನಿಲ್ಲುತ್ತದೆ, ಒಂದು ಚೀಟಿ.
ಸುರಿದು ಹಗುರಾಗಿ ಮರಳುತ್ತದೆ, ಇನ್ನೊಂದು ಚೀಟಿ.
ತುಂಬಿದ್ದರಲ್ಲಿ ಬರಿದನ್ನು ಕಳೆದರೆ
ಉಳಿದದ್ದು ಜೋಳ.
ನೆಬ್ರಾಸ್ಕಾದ ಈ ಬಯಲಲ್ಲಿ ಮೂವತ್ತೊಂದು ಸುಗ್ಗಿ
ಇದೇ ಕಿಟಕಿ, ಇದೇ ಕಳೆಯುವ ಲೆಕ್ಕ.

ಬಲಗೈ ಎತ್ತಿದೆ. ಹೆಸರು ಹೇಳಿ ಅಂದರು.
ಅರ್ಲೀನ್ ಹ್ರುಷ್ಕಾ. ಐವತ್ತೆಂಟು.
ಮೈಕು ನನ್ನ ಉಸಿರನ್ನೂ ದಾಖಲಿಸಿಕೊಂಡಿತು.

ಕಂಪನಿಯ ವಕೀಲ ಮೆದು ಮನುಷ್ಯ,
ಕರ್ಚೀಫು ಮಡಿಸಿದಂತೆ ಮಾತು ಮಡಿಸುತ್ತಾನೆ:
ಡಾರಿನ್ ಕೌಪ್ ಕಣಜದೊಳಗೆ ಇಳಿದದ್ದನ್ನು
ನೀವು ಕಣ್ಣಾರೆ ಕಂಡಿರಾ?
ಕಣ್ಣಾರೆ ಇಲ್ಲ.
ಮತ್ತೆ?
ಕಿವಿಯಾರೆ.

ಯಾರೋ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.
ಕಣಜದ ತಳದಲ್ಲೊಂದು ತಿರುಪು ತಿರುಗುತ್ತದೆ ಸರ್,
ಜೋಳ ಎಳೆಯುವಾಗ ಅದಕ್ಕೊಂದು ದನಿ,
ಕಲ್ಲು ಸಿಕ್ಕರೆ ಒಂದು, ದಂಟು ಸಿಕ್ಕರೆ ಇನ್ನೊಂದು.
ಆ ಮಂಗಳವಾರ ಬಂದದ್ದು
ಈ ಮೂರರಲ್ಲಿ ಯಾವುದೂ ಅಲ್ಲ.

ಕೆಂಪು ಬೀಗದ ಮಾತೂ ಬಂತು. ಒಳಗೆ ಆಳಿರುವಾಗ
ತಿರುಪನ್ನು ಯಾರೂ ತಿರುಗಿಸದಂತೆ ಹಾಕಬೇಕಾದ ಬೀಗ.
ಅದು ಮೊಳೆಯಲ್ಲಿತ್ತು. ಧೂಳು ಮೆತ್ತಿತ್ತು.
ಕೀಲಿ ಯಾರ ಕೈಲಿ ಅಂತ ಯಾರಿಗೂ ಗೊತ್ತಿಲ್ಲ.
ಅದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ,
ಬರೆದುಕೊಳ್ಳಿ, ದಿನಾ.

ಒಬ್ಬ ಸಾಕ್ಷಿಯ ಮಾತು ಇನ್ನೊಬ್ಬರು ಕೇಳಬಾರದಂತೆ.
ಬೆಳಗ್ಗೆಯೆಲ್ಲ ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು.
ಆದರೂ ಬಾಗಿಲು ತೆರೆದಾಗಲೆಲ್ಲ
ಒಂದಿಷ್ಟು ಅಂಕಿ ಹೊರಗೆ ಬಂದು ಬಿದ್ದವು.
ಒಮಾಹಾದ ತಜ್ಞನಂತೆ. ಹುಡುಗನಿಗೆ ಇಪ್ಪತ್ತೆರಡು,
ಅರವತ್ತೇಳರ ತನಕ ದುಡಿದಿದ್ದರೆ ಇಷ್ಟು,
ಅದರಲ್ಲಿ ಅವನೇ ತಿಂದು ಉಟ್ಟು ಸುತ್ತಾಡಿ
ಮುಗಿಸುತ್ತಿದ್ದದ್ದನ್ನು ಕಳೆದರೆ
ಇಷ್ಟು.
ನನಗೆ ಗೊತ್ತಿರುವ ಲೆಕ್ಕವೇ.
ಬರಿ ಲಾರಿಯನ್ನು ಅವನು ಎಲ್ಲಿ ನಿಲ್ಲಿಸಿ ತೂಗಿದನೋ.

ಆಮೇಲೆ ತಾಯಿಯ ಕಡೆಯ ವಕೀಲೆ ಎದ್ದಳು.
ಡಾರಿನ್ ಕೂಗಿದನೇ?

ಈ ಪ್ರಶ್ನೆಗೂ ಒಂದು ಬೆಲೆಯಿದೆಯೆಂದು ಮೊದಲೇ ಹೇಳಿದ್ದರು.
ಸಾಯುವ ಮುನ್ನ ಪಟ್ಟ ನೋವಿಗೆ ಬೇರೆ ಪರಿಹಾರ;
ಕೂಗು ಉದ್ದವಾದಷ್ಟೂ ಮೊತ್ತ ದೊಡ್ಡದು.
ಮೊದಲ ಸಾಲಿನಲ್ಲಿ ಜೊಲೀನ್ ಕೌಪ್,
ಮಗನ ಕೆಲಸದ ಕೋಟು ಮಡಿಲಲ್ಲಿ,
ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ:
ಇಲ್ಲ ಅನ್ನು, ಇಲ್ಲ ಅನ್ನು.
ದಾವೆ ಅವಳದೇ. ವಕೀಲೆಯೂ ಅವಳವಳೇ.

ಕೂಗಿದ, ಅಂದೆ.

ಎಷ್ಟು ಹೊತ್ತು?

ಗಡಿಯಾರ ನೋಡಲಿಲ್ಲ. ಓಡಿದೆ, ಗುಂಡಿ ಒತ್ತಿದೆ,
ನಿಲ್ಲಲಿಲ್ಲ, ಮತ್ತೆ ಒತ್ತಿದೆ, ಅಂಗೈಯಿಂದ ಗುದ್ದಿದೆ.
ಹೊರಗೆ ಲಾರಿಗಳಿಗೆ ಏನೂ ಗೊತ್ತಿಲ್ಲ,
ಒಂದು ಹಲಗೆಯಿಂದ ಇಳಿಯಿತು, ಒಂದು ಹತ್ತಿತು,
ನನ್ನ ಬೆನ್ನ ಹಿಂದೆ ಯಂತ್ರ
ತನ್ನ ಪಾಡಿಗೆ ಚೀಟಿ ಮುದ್ರಿಸುತ್ತಿತ್ತು.
ಎರಡು ಚೀಟಿಗಳ ಹೊತ್ತು.

ಅಂದರೆ ತೊಂಬತ್ತು ಸೆಕೆಂಡು, ಅಂದಳು ವಕೀಲೆ
ಜ್ಯೂರಿಯತ್ತ ತಿರುಗಿ, ನಿಧಾನಕ್ಕೆ.
ಹನ್ನೆರಡು ಜನರಲ್ಲಿ ಒಬ್ಬಾತ, ರೈತನೇ ಇರಬೇಕು,
ತನ್ನ ಕೈಗಳನ್ನು ನೋಡಿಕೊಂಡ.

ಏನೆಂದು ಕೂಗಿದ, ಅಂತ ಬರುವುದಿತ್ತು ಮುಂದೆ.
ಅವಳು ಬಾಯಿ ತೆರೆದದ್ದೂ ಹೌದು.
ಜೊಲೀನ್ ಮುಂದಕ್ಕೆ ಬಾಗಿ
ಅವಳ ತೋಳು ಹಿಡಿದು ಎಳೆದಳು.
ಇಷ್ಟು ಸಾಕು, ಅಂತ ಕೂತುಬಿಟ್ಟಳು ವಕೀಲೆ.

ಹೊರಗೆ, ಕಾಫಿ ಯಂತ್ರದ ಬಳಿ, ನಾವಿಬ್ಬರೇ.
ಅವಳ ಹತ್ತಿರ ಚಿಲ್ಲರೆ ಇರಲಿಲ್ಲ, ನಾನು ಹಾಕಿದೆ.
ಲೋಟ ಓರೆಯಾಗಿ ಬಿತ್ತು, ಸರಿಮಾಡಿದೆ.
ಈಗ ಹೇಳು, ಅಂದಳು. ಏನಂದ?

ಇಲ್ಲಿ ಮೈಕಿಲ್ಲ. ಪ್ರಮಾಣವೂ ಇಲ್ಲ.
ಸುಳ್ಳೂ ಹೇಳಬಹುದಿತ್ತು.
ಹೇಳಿದೆ.
ಒಂದೇ ಮಾತು. ಚಿಕ್ಕದು.
ಅವಳು ಕೋಟನ್ನು ಇನ್ನೊಂದು ಕೈಗೆ ಬದಲಾಯಿಸಿ
ಕಾಫಿ ತುಂಬುವುದನ್ನೇ ನೋಡುತ್ತ ನಿಂತಳು.

ನಿಮಗೆ ಹೇಳುವುದಿಲ್ಲ.
ಅದನ್ನು ತೂಗಲು ಹಾಕಿಲ್ಲ.