ನೆನಪಿಲ್ಲದ ಹನಿ

ಮಾರ್ಚ್ ಬಂದರೂ ಸಲಸ್ಪಿಲ್ಸ್‌ನಲ್ಲಿ
ದೌಗಾವಾ ನದಿಯ ಮೇಲೆ ಇನ್ನೂ ಹಿಮದ ಹಪ್ಪಳ.
ವೆಲ್ಟಾ ಕಿಟಕಿಗೆ ಬೆನ್ನು ಮಾಡಿ
ಎರಡು ಗಾಜುಗಳ ನಡುವೆ ಒಂದು ಹನಿ ಬಿಡುತ್ತಾಳೆ.
ಕಾಡಿಗೆಗಿಂತ ಕಪ್ಪು, ಸೀಮೆಎಣ್ಣೆಯ ವಾಸನೆ;
ಒತ್ತಿ ತೆಳುವಾದೊಡನೆ ಹಳೇ ಚಹಾದ ಬಣ್ಣ.

"ಕಬ್ಬಿಣದ ಪುಡಿ ತಾನೆ, ತಳಕ್ಕೆ ಯಾಕೆ ಕೂರುವುದಿಲ್ಲ?"
ಕೇಳುತ್ತಾನೆ ಇಲ್ಗ್ವಾರ್ಸ್, ಪ್ರತಿ ಸೋಮವಾರದಂತೆ.
ಪ್ರತಿ ಸೋಮವಾರದಂತೆ ಅವಳೂ:
ಒಂದೊಂದು ಕಣಕ್ಕೂ ಎಣ್ಣೆಯ ಅಂಗಿ ತೊಡಿಸಿದೆ,
ತಾಗಿದರೂ ಅಂಟಿಕೊಳ್ಳವು.
ಎಷ್ಟು ಸಣ್ಣವೆಂದರೆ, ಈ ಕೋಣೆಯ ಬಿಸುಪೇ
ಅವನ್ನು ಕೂರಗೊಡದು.

ಮೂವತ್ತೊಂದು ವರ್ಷ ಕಂಬ ಹತ್ತಿದವನು ಅವನು.
ಎಡಗೈಯ ಎರಡು ಬೆರಳನ್ನು
ಓಗ್ರೆ ದಾರಿಯ ಒಂದು ತಂತಿಗೆ ಕೊಟ್ಟು ಬಂದವನು.
ಈಗ ಇಲ್ಲಿ ಸ್ವಿಚ್ಚಿನ ಕಾವಲು.
ವಿಯೆನ್ಸ್, ದಿವಿ, ತ್ರೀಸ್
ಎಣಿಸಿಯೇ ಹಾಕುತ್ತಾನೆ.

ದಪ್ಪ ತಾಮ್ರದ ಸಲಾಕೆಯೊಳಗೆ ಹರಿವು,
ಯಾರ ಕಣ್ಣಿಗೂ ಬೀಳದ್ದು.
ಬೆರಳಗಲ ದೂರದಲ್ಲಿ, ಗಾಜಿನ ಸಂದಿಯಲ್ಲಿ,
ಅದುವರೆಗೆ ಸಂತೆಯ ಜನದಂತೆ ಅಡ್ಡಾದಿಡ್ಡಿ ತಿರುಗಿದ ಕಣಗಳು
ತಟ್ಟನೆ ಇರುವೆ ಸಾಲು ಹಿಡಿಯುತ್ತವೆ.
ಕೂದಲೆಳೆಯಷ್ಟು ಗಾಜಿನ ನಾರಿನಲ್ಲಿ ಬಂದ ಕೆಂಪು ಬೆಳಕು
ಆ ಸಾಲುಗಳ ನಡುವೆ ನುಸುಳಿ, ಕೊಂಚ ಸೊರಗಿ,
ಆಚೆ ಕೋಣೆಯ ಪರದೆಗೆ ಹೋಗಿ ಹೇಳುತ್ತದೆ:
ನೂರ ನಲವತ್ತು ಆಂಪಿಯರ್.

ಯಾರೂ ಮುಟ್ಟಲಿಲ್ಲ.
ತಾಮ್ರಕ್ಕೆ ಗೊತ್ತೂ ಆಗಲಿಲ್ಲ.

ಅವನ ಕಾಲದಲ್ಲಿ ವಿಚಾರಿಸುವ ರೀತಿ ಬೇರೆ:
ಹಿಂಗೈಯನ್ನು ಮೆಲ್ಲಗೆ ಹತ್ತಿರ ಒಯ್ಯಬೇಕು,
ರೋಮ ನಿಮಿರಿದರೆ ಹಿಂದೆ ಸರಿಯಬೇಕು.
ಫೋನಿನಲ್ಲಿ ಮೇಲಿನವರು "ಲೈನ್ ಆಫ್ ಮಾಡಿದೆ" ಎಂದರೆ
ನಂಬಬೇಕು.
ಒಮ್ಮೆ ನಂಬಿದ್ದ.

ಸ್ವಿಚ್ಚು ತೆಗೆದ. ಸಾಲು ಚೆದುರಿತು,
ಶಾಲೆಯ ಗಂಟೆ ಹೊಡೆದ ಹಾಗೆ.
"ಇದಕ್ಕೆ ನೆನಪಿರುತ್ತದೆಯೆ?"
ಇದು ಸೋಮವಾರದ ಪ್ರಶ್ನೆಯಲ್ಲ.
ವೆಲ್ಟಾ ಗಾಜು ಒರೆಸುವುದನ್ನು ನಿಲ್ಲಿಸಿದಳು.
"ಇಲ್ಲ. ಹರಿವು ನಿಂತರೆ ಮುಗಿಯಿತು.
ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕ ತಪ್ಪುತ್ತದೆ."

ಮೂರು ಬೆರಳ ಕೈ ಜೇಬಿನಿಂದ ಹೊರಬಂತು,
ಆರಿದ ಸಲಾಕೆಯ ಪಕ್ಕದಲ್ಲಿ ನಿಂತಿತು.
ಇಲ್ಲದ ಬೆರಳೆರಡೂ ಜುಮ್ಮೆಂದವು.
ಪರದೆಯಲ್ಲಿ ಸೊನ್ನೆ.

"ಹಾಗಾದರೆ ನನ್ನದೇ ಲೆಕ್ಕ ತಪ್ಪು," ಎಂದ,
ವೆಲ್ಟಾಗೋ, ಹನಿಗೋ.
ಆಮೇಲೆ ಚಹಾಕ್ಕೆ ನೀರು ತುಂಬಿ
ಕೆಟಲಿನ ಪ್ಲಗ್ಗನ್ನು
ಬಲಗೈಯಿಂದಲೇ ಸಿಕ್ಕಿಸಿದ,
ಎಣಿಸಿ.