ಅರಳಿ

ಡಿ.ಸಿ. ಆಫೀಸಿನ ಎದುರು, ಬೇವಿನ ಬುಡಕ್ಕ
ಮೂವತ್ತೆಂಟು ವರ್ಷ ಆತು ನಾ ಕುಂತು.
ಕನ್ನಡದಾಗ ಅರ್ಜಿ ಐವತ್ತು ರೂಪಾಯಿ,
ದಿಲ್ಲಿಗೆ ಹೋಗೂದಾದ್ರ ನೂರು.
ದಾರಿ ದೂರ ಅಂತಲ್ಲ,
ಆ ಭಾಷಾ ನನಗೂ ತಡವರಸತೈತಿ.
ಮಶಿನ್ನು ಮುದುಕ. ಕ-ಒತ್ತು ಪೂರಾ ಸವದೈತಿ.
'ಹಕ್ಕು' ಹೊಡದರ 'ಹಕು' ಬೀಳತೈತಿ,
ಕೆಳಗಿನ ಅಕ್ಷರ ಪೆನ್ನಲೆ ತಿದ್ದತೀನಿ.

ಖೈರುನ್ನಿಸಾ ನದಾಫ್ ಬಂದಳು,
ಮನಗೂಳಿ ಅಗಸಿ ಕಡಿಯಾಕಿ, ಗಾದಿ ತುಂಬಾಕಿ.
ಸೆರಗಿನ ತುಂಬ ಅರಳಿ, ಹುಬ್ಬಿನ್ಯಾಗೂ ಅರಳಿ.
"ಬರ್ಕೋರಿ" ಅಂದಳು, ಕೂಡೂಕಿಂತ ಮೊದಲ.
"ನಮ್ಮ ಹಿತ್ತಲ ಗ್ವಾಡಿ ಅಂದ್ರ ಕ್ವಾಟಿ ಗ್ವಾಡಿ.
ಅದರ ಸಂದ್ಯಾಗ ಯಾವದೋ ಕಾಗಿ ಹೇತು
ಅರಳಿ ಗಿಡ ಹುಟ್ಟೇತಿ.
ಈಗ ಬೇರು ಒಲಿ ಹಿಂದಿಂದ ಇಣುಕತೈತಿ,
ರಾತ್ರಿ ಕಲ್ಲು ನರಳೂದು ಕೇಳಸತೈತಿ."

ಗ್ವಾಡಿ ದಿಲ್ಲಿದು, ನೀಲಿ ಬೋರ್ಡು ನೆಟ್ಟಾರ.
ಗಿಡ ಬೆಂಗಳೂರಿಂದು, ಗಟಾರ ಪಾಲಿಕಿದು,
ಒಲಿ ಒಂದ ಆಕಿದು.
ಗಿಡ ಬೆಂಗಳೂರಿಂದು ಅಂದೆನಲ್ಲ, ಅದೂ ಪೂರಾ ಖರೆ ಅಲ್ಲ.
ನಾ ಹತ್ತನೆತ್ತೆ ಇದ್ದಾಗ, ತುರ್ತು ಪರಿಸ್ಥಿತಿ ದಿನ,
ಪೌರನೀತಿ ಮಾಸ್ತರು ಮೂರು ಪಟ್ಟಿ ಬಾಯಿಪಾಠ ಮಾಡಿಸಿದ್ರು.
'ಅರಣ್ಯ: ರಾಜ್ಯ ಪಟ್ಟಿ' ಅಂತ ಪರೀಕ್ಷಾದಾಗ ಬರದೆ.
ಅಷ್ಟರಾಗ ಕಾಡಿಗೆ ಕಾಡೇ ಎದ್ದು
ಸಮವರ್ತಿ ಪಟ್ಟಿಗೆ ನಡಕೊಂಡ ಹೋಗಿತ್ತಂತ.
ಒಂದು ಗಿಡಾನೂ ಜಾಗಾ ಬಿಟ್ಟು ಅಲುಗಿರಲಿಲ್ಲ.
ನನ್ನದೊಂದು ಮಾರ್ಕು ಹೋತು.
ಕಾಗಿಗೇನು, ಅದು ಪೌರನೀತಿ ಓದಿಲ್ಲ.

ಉತ್ತರ ಬಂದವು, ಹಂಗಾಮಿಗೊಂದರಂಗ.
ಪುರಾತತ್ವದವರು: ಗೋಡೆ ನಮ್ಮದು. ಗಿಡ ನಮ್ಮದಲ್ಲ.
ಕಡಿಯುವಾಗ ಗೋಡೆಯನ್ನು ಮುಟ್ಟತಕ್ಕದ್ದಲ್ಲ.
ಅರಣ್ಯದವರು: ಗಿಡ ನಮ್ಮದು. ಏಣಿ ಹಚ್ಚಲು
ಗೋಡೆಯವರ ಪರವಾನಗಿ ತರತಕ್ಕದ್ದು.
ಪಾಲಿಕೆಯವರು ಎರಡರ ಸುದ್ದೀನೂ ಎತ್ತಿಲ್ಲ,
ಮನಿ ಕರ ಎರಡು ವರ್ಷದ್ದು ಬಾಕಿ ತೋರಿಸ್ಯಾರ.

ಓದಿ ಹೇಳಿದೆ. ಆಕಿ ನಕ್ಕಳು, ಆಮ್ಯಾಲ ಕೆಮ್ಮಿದಳು,
ಅರಳಿ ಹಿಂಜೂವರ ಕೆಮ್ಮು.
"ಗಾದಿ ಹಳೇದಾದ್ರ ಏನಾಗತೈತಿ ಗೊತ್ತೇನ್ರಿ?
ಮಲಗಿದವರ ಭಾರಕ್ಕ ಅರಳಿ ಜಗ್ಗಿ ಜಗ್ಗಿ
ಒಂದ ಮೂಲಿಗೆ ಗಡ್ಡಿ ಕಟ್ಟತೈತಿ.
ತಕ್ಕಡ್ಯಾಗ ಇಟ್ರ ತೂಕಾ ಅಷ್ಟ, ತೊಲಿನೂ ಕಡಿಮಿಲ್ಲ.
ಬೆನ್ನಿಗೆ ಮಾತ್ರ ನೆಲ ಹತ್ತತೈತಿ.
ಹೊಲಿಗಿ ಬಿಚ್ಚಬೇಕು, ಎಲ್ಲಾ ಅಂಗಳಕ್ಕ ಸುರವಬೇಕು,
ಹಿಂಜಬೇಕು. ದೊಡ್ಡ ಗಡ್ಡಿಗೆ ಬಡಿಗಿ ಜಾಸ್ತಿ.
ಮತ್ತ ತುಂಬಿದ ಮ್ಯಾಲ ನಡುನಡುವ ಟಾಕಿ ಹಾಕತೀನಿ,
ಅದು ತಿರುಗಿ ಓಡಬಾರ್ದಂತ.
ಟಾಕಿ ಬಿಗಿ ಆತೋ, ಗಾದಿ ಗಂಟು ಗಂಟಾಗತೈತಿ. ಸಡಲಾತೋ..."
ಅಲ್ಲಿಗೇ ನಿಲ್ಲಿಸಿ ನನ್ನ ಬೆರಳು ನೋಡಿದಳು.
"ಇದನ್ನೂ ಹೊಡ್ಯಾಕತ್ತೀರೇನು? ಬ್ಯಾಡ್ರಿ,
ಇದು ನಮ್ಮ ಧಂದೇದ ಮಾತು."

"ಮತ್ತೇನ ಬರೀಲಿ?"

"ಮನ್ಯಾಗ ಬಂದ ಬೇರಿಗೆ ಬಾಡಗಿ ಯಾರು ಕೊಡತಾರ, ಕೇಳ್ರಿ.
ಮೊನ್ನಿಂದ ಅದಕ್ಕ ಚಹಾದ ಸೋಸಣಿಗಿ ತೂಗಹಾಕೀನಿ,
ಅದರ ಲೆಕ್ಕಾ ಬೇಕಾದ್ರ ಮುರ್ಕೋಳ್ಳಿ."

ಕಾಗದ ಏರಿಸಿದೆ. 'ಗೆ,' ಅಂತ ಹೊಡದು
ಮ್ಯಾಲಿನ ಸಾಲು ಖಾಲಿ ಬಿಟ್ಟೆ. ಬೇವಿನ ಹೂ ಉದುರಿತು, ಊದಿದೆ.
ಕಡೀಗೆ 'ಒಕ್ಕೂಟ ಸರ್ಕಾರ' ಅಂತ ಹೊಡದೆ.
'ಒಕೂಟ' ಬಿತ್ತು.
ಪೆನ್ನು ಹುಡುಕಿದೆ: ಕಿಸೇದಾಗಿಲ್ಲ, ಚೀಲದಾಗಿಲ್ಲ.
ಆಕಿ ಸೆರಗಿಗೆ ಚುಚ್ಚಿಕೊಂಡಿದ್ದ
ಗಾದಿ ಹೊಲಿಯೂ ದಬ್ಬಣ ತಗದು ಕೊಟ್ಟಳು.
ಕೆಳಗಿನ ಅಕ್ಷರ ಚುಚ್ಚಿ ಚುಚ್ಚಿ ಮೂಡಿಸಿದೆ.
ಬೆಳಕಿಗೆ ಹಿಡದರ ಕಾಣಸತೈತಿ.