ಬೂದಿಯ ರುಚಿ

ರಿಶ್ತಾನಿನಲ್ಲಿ ಮಣ್ಣಿಗೆ ಬರವಿಲ್ಲ.
ಬಾವಿಗೆಂದು ಅಗೆದರೂ ಅದೇ, ಗೋರಿಗೆಂದು ಅಗೆದರೂ ಅದೇ,
ಸೊಂಟದಾಳ ಇಳಿದರೆ ಸಾಕು, ಕೆಂಪಗೆ, ಜಿಗುಟಾಗಿ
ಕೈಗೆ ಹತ್ತಿಕೊಂಡು ಬರುತ್ತದೆ.
ಪಾಡೇನಿದ್ದರೂ ನೀಲಿಯದು.

ಅದಕ್ಕೆ ಹತ್ತಿ ಬಿಡಿಸಿ ಮುಗಿದ ಮೇಲೆ ಮರಳುಗಾಡಿಗೆ ಹೋಗಬೇಕು,
ಒಂಟೆಯೂ ಮೂಸಿ ಬಿಡುವ ಗಿಡ ಕಿತ್ತು
ಗುಂಡಿಯಲ್ಲಿ ರಾತ್ರಿಯಿಡೀ ಸುಡಬೇಕು.
ಬೆಳಿಗ್ಗೆ ತಳದಲ್ಲಿ ಬೂದಿ ಕಲ್ಲಾಗಿರುತ್ತದೆ,
ಬೇರು ಹೀರಿದ ಉಪ್ಪೆಲ್ಲ ಕರಗಿ ಹೆಪ್ಪುಗಟ್ಟಿ.
ಕುಟ್ಟು, ಬೆಣಚುಕಲ್ಲಿನ ಪುಡಿ ಬೆರೆಸು, ಬೀಸು, ನೀರಿಗೆ ಕಲಸು.
ಅದೇ ಇಷ್ಕೋರ್, ನಮ್ಮ ಮೆರುಗು.

ಎಷ್ಟಕ್ಕೆ ಎಷ್ಟು ಎಂದು ಕೇಳಿದ್ದೆ ಮೊದಲ ವರ್ಷ,
ನೋಟ್‌ಬುಕ್ಕು ತೆರೆದು, ಪೆನ್ಸಿಲು ಚೂಪು ಮಾಡಿ.
ಉಸ್ತಾ ತೋಷ್‌ಬೋಲ್ತಾ ನಾಲಿಗೆ ಚಾಚಿ ತೋರಿಸಿದರು.

ಆ ಹೆಸರಿಗೆ ಕಲ್ಲುಗೊಡಲಿ ಎಂದರ್ಥ.
ತಿಗರಿಯ ಮೇಲೆ ಮಾತ್ರ ಬೆಕ್ಕಿನ ಹೆಜ್ಜೆಯ ಕೈ.
ಮೆರುಗು ಹೊಯ್ಯುವಾಗ ತಟ್ಟೆಯನ್ನು ಬೆರಳತುದಿಯಲ್ಲೆತ್ತಿ
ಒಂದೇ ಸುತ್ತು ತಿರುಗಿಸುತ್ತಿದ್ದರು.
"ಎರಡನೇ ಸುತ್ತು ಅನುಮಾನ, ಹೋಸಿಯತ್.
ಅನುಮಾನ ಬೆಂದರೂ ಕಾಣಿಸುತ್ತೆ."
ನೂರಾರು ತಟ್ಟೆ ಅನುಮಾನ ಸುಟ್ಟಿದ್ದೇನೆ ನಾನು.

ಹೋದ ಚಳಿಗಾಲದ ಜ್ವರ
ಅವರನ್ನು ಬಿಟ್ಟು ಅವರ ರುಚಿಯನ್ನು ಒಯ್ದಿತು.
ಪಲಾವಿಗೆ ಎರಡು ಸಲ ಉಪ್ಪು ಬಿದ್ದ ದಿನ
ಮೊಮ್ಮಕ್ಕಳು ಮುಖ ಕಿವುಚಿದರು, ಅವರು ತಟ್ಟೆ ಬಳಿದು ತಿಂದರು.
ಅಜ್ಜಿ ಸಲ್ತನತ್ ಚಹಾ ಬಗ್ಗಿಸಿದಳು. ಯಾರೂ ಏನೂ ಅನ್ನಲಿಲ್ಲ.

ನವ್ರೋಜ್ ಕಳೆದು ವರ್ಷದ ಮೊದಲ ಬಾನಿ ಕಲಸಿದೆವು.
ಬೆರಳದ್ದಿದರು. ನಾಲಿಗೆಗಿಟ್ಟರು. ನಿಂತರು.
ಬಾನಿಯ ನೀರು ತಿಳಿಯಾಗಿ ಬೂದಿ ತಳ ಸೇರುವಷ್ಟು ಹೊತ್ತು ನಿಂತರು.
ಆಮೇಲೆ ಸೌಟನ್ನು ನನ್ನ ಕಡೆ ತಿರುಗಿಸಿದರು. "ಹೇಳು."

"ಉಪ್ಪು."
"ಯಾವ ಉಪ್ಪು?"
"ಸಾಬೂನಿನ ಹಾಗೆ ಜಾರುವ ಉಪ್ಪು."
"ಆಮೇಲೆ?"
"ಅಷ್ಟೇ."
"ಉಗುಳಬೇಡ. ತಾಳು."

ತಾಳಿದೆ. ನಾಲಿಗೆಯ ಬುಡದಲ್ಲಿ, ತಡವಾಗಿ, ಕಳ್ಳನ ಹಾಗೆ,
ಜರ್ದಾಲಿನ ಓಟೆ ಒಡೆದಾಗ ನೂರಕ್ಕೊಂದು ಸಿಗುವ
ಕಹಿ ತಿರುಳು.
ಹೇಳಿದೆ. ಕಣ್ಣು ಮುಚ್ಚಿ ಅವರು ಅಗಿದರು
ನನ್ನ ಮಾತನ್ನು.
"ಇನ್ನೊಂದು ಹಿಡಿ ಬೂದಿ," ಅಂದು ತಾವೇ ಹಾಕಿದರು.

ಆ ವಸಂತವೆಲ್ಲ ಹೀಗೆ. ಹದ ಅವರ ನೆನಪಿನಲ್ಲಿತ್ತು,
ನಾಲಿಗೆ ನನ್ನ ಬಾಯಲ್ಲಿ.
ನಡುವಿನ ಹಳ್ಳಕ್ಕೆ ಸಿಕ್ಕಿದ್ದನ್ನೆಲ್ಲ ಹಾಕಿ ದಾಟಿದೆವು:
ಒಣಮೊಸರಿನ ಉಂಡೆ, ಮಳೆ ಬಿದ್ದ ಗೋಡೆ,
ಹೊಲಿಯುವಾಗ ತುಟಿಯಲ್ಲಿ ಕಚ್ಚಿದ ಸೂಜಿ,
ಹಿಮದ ಬೆಳಿಗ್ಗೆ ನೆಕ್ಕಿದ ಬಾಗಿಲ ಚಿಲಕ.
ಚಿಲಕ ಯಾಕೆ ನೆಕ್ಕಿದಿರಿ ಎಂದರೆ
"ನಾನಲ್ಲ, ನನ್ನ ತಮ್ಮ," ಅಂದರು. ಅವರಿಗೆ ತಮ್ಮನಿಲ್ಲ.

ಆವಿಗೆ ತೆರೆದ ದಿನ ಅರವತ್ತೆರಡು ತಟ್ಟೆ.
ಹೆಚ್ಚಿನವು ನೀಲಿ, ಒಳಗೆ ನೀರಿದೆಯೇನೋ ಎಂದು
ಕೈಯದ್ದಬೇಕೆನಿಸುವ ನೀಲಿ.
ಹನ್ನೊಂದು ಮಂಜಾಗಿದ್ದವು, ಹಾಲು ಒಡೆದ ಹಾಗೆ.
ತಲೆ ತಗ್ಗಿಸಿದೆ.
ಅವರು ಒಂದನ್ನೆತ್ತಿ, ಉಗುರಿನಿಂದ ತಟ್ಟಿ, ಕಿವಿಗಿಟ್ಟು,
"ನೀನು ಸರಿಯಾಗೇ ಹೇಳಿದ್ದೆ. ಹಿಡಿ ನನ್ನದು, ದೊಡ್ಡದಾಯಿತು."
ಆ ಹನ್ನೊಂದನ್ನು ಒಡೆಯಲಿಲ್ಲ.
ಕೋಳಿಗಳು ಈಗ ಅದರಲ್ಲಿ ಕಾಳು ತಿನ್ನುತ್ತವೆ.

ಜೂನ್ ಬಂತು. ಅಂಗಳದ ಹಿಪ್ಪುನೇರಳೆ ಉದುರುತ್ತಿದೆ.
ಕೊಕಂದದಿಂದ ಬಂದ ಇಬ್ಬರು ಹುಡುಗರು
ನನ್ನೆದುರು ನೋಟ್‌ಬುಕ್ಕು ತೆರೆದು ಕೂತಿದ್ದಾರೆ.
ಅವರಿಗೆಂದು ತಕ್ಕಡಿಯೂ ತರಿಸಿದ್ದೇನೆ, ಸುಳ್ಳೇಕೆ,
ತೂಗಿಸುತ್ತೇನೆ, ಬರೆಸುತ್ತೇನೆ,
ಆಮೇಲೆ ನಾಲಿಗೆ ಚಾಚಿ ಅನ್ನುತ್ತೇನೆ.
ಉಸ್ತಾ ನೆಲದಿಂದೊಂದು ಹಣ್ಣು ಹೆಕ್ಕಿ ಬಾಯಿಗಿಟ್ಟರು,
ಇನ್ನೊಂದನ್ನು ನನ್ನ ಅಂಗೈಗೆ.
"ಹೇಳು."

ಬೂದಿಗೆ ಮಾತು ಬೇಗ ಸಿಗುತ್ತಿತ್ತು.